ಕಾಶೀಯಾತ್ರೆ, ಮಧುಮೇಹ ಮತ್ತು ಕಾಲಿನ ರಕ್ತನಾಳ

ಕಾಶಿಯೆಂದೊಡನೆ ಕನ್ನಡಿಗರ ನೆನಪಿಗೆ ಬರುವುದು ವಿಶ್ವನಾಥ, ಅನ್ನಪೂರ್ಣೆ, ಗಂಗೆ. ಸ್ವಲ್ಪ ಬಲ್ಲವರು ಜಂಗಮವಾಡಿ ಮಠವನ್ನೂ ಹನುಮಾನ್ ಘಾಟಿನ ನೆರೆಯ ಕರ್ನಾಟಕ ಘಾಟನ್ನೂ ಹೆಸರಿಸುವರು. ಇಲ್ಲಿಯ ಹಿಂದೂ ವಿಶ್ವವಿದ್ಯಾನಿಲಯದ ಪ್ರಥಮ ಕುಲಾಧಿಪತಿಗಳು ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರೆಂಬುದನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಪ್ರತಿವರ್ಷವೂ ಕೇಳಿ ಸಂತೋಷಪಡುತ್ತೇವೆ. ಆದರೆ ಕಾಶಿಯು ವೈದ್ಯದ ಊರೂ ಹೌದು. ಅದರಲ್ಲಿಯೂ, ಇಂದು ನಮ್ಮ ಮನೆಮನೆಗಳಲ್ಲಿ ಕರೆಯದ ನೆಂಟನಂತೆ ಬಂದು ಕುಳಿತಿರುವ ಮಧುಮೇಹವನ್ನು ಕುರಿತು ಬಹು ಹಿಂದೆಯೇ ಆಳವಾಗಿ ಆಲೋಚಿಸಿದ ಊರು. ಈ ಸಂಗತಿಯನ್ನು ನಮ್ಮವರು ಅಷ್ಟಾಗಿ ನೆನೆಯುವುದಿಲ್ಲ.

ಸಕ್ಕರೆ ಕಾಯಿಲೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಮಾತನಾಡುವುದು ನಾಲಿಗೆಯನ್ನು ಕುರಿತು. ಏನು ತಿನ್ನಬಹುದು, ಏನು ಬಿಡಬೇಕು, ಹೋಳಿಗೆ ಒಂದಾದರೆ ಆದೀತೆ, ಅಕ್ಕಿ ಬಿಟ್ಟು ರಾಗಿ ಹಿಡಿದರೆ ಸಾಕೆ, ಹೀಗೆ. ಆದರೆ ಕಾಯಿಲೆ ತನ್ನ ಕೆಲಸವನ್ನು ಮಾಡುವುದು ನಾಲಿಗೆಯಲ್ಲಲ್ಲ, ರಕ್ತನಾಳಗಳಲ್ಲಿ. ಕಣ್ಣು ಹೋದರೂ ಮೂತ್ರಪಿಂಡ ಸೋತರೂ ಹೃದಯ ನಿಂತರೂ ಕಾಲಿನ ಬೆರಳು ಕಪ್ಪಾದರೂ, ಅದರ ಹಿಂದೆ ಕೆಟ್ಟ ರಕ್ತನಾಳ ಇದ್ದೇ ಇರುತ್ತದೆ. ಈ ತಿಳಿವಳಿಕೆ ಮನುಷ್ಯನಿಗೆ ಹೇಗೆ ಹೇಗೆ ಬಂದಿತೆಂಬುದನ್ನೂ, ಆ ಕಥೆಯಲ್ಲಿ ಕಾಶಿಗೂ ಕನ್ನಡಿಗರಿಗೂ ಇರುವ ಪಾಲನ್ನೂ ಬರೆಯಬೇಕೆಂಬುದು ನಮ್ಮ ಬಹುದಿನದ ಆಸೆ. ಕಂಟೋನ್ಮೆಂಟಿನಲ್ಲಿ ವಾಸವಾಗಿರುವ ನಮಗೆ ಇದರಲ್ಲಿ ಸ್ವಲ್ಪ ಸ್ವಾರ್ಥವೂ ಉಂಟು. ಅದನ್ನು ಮುಂದೆ ಹೇಳುವೆವು.

ಸುಶ್ರುತಸಂಹಿತೆ ಆರಂಭವಾಗುವುದೇ ಕಾಶೀರಾಜನಾದ ದಿವೋದಾಸ ಧನ್ವಂತರಿಯ ಆಶ್ರಮದಲ್ಲಿ. ಸುಶ್ರುತನೇ ಮೊದಲಾದ ಶಿಷ್ಯರು ಅವನಲ್ಲಿಗೆ ಬಂದು, ರೋಗಪೀಡಿತರಾದ ಜನರನ್ನು ಕಂಡು ನಮಗೆ ಮನಸ್ಸು ನೊಂದಿದೆ, ಆಯುರ್ವೇದವನ್ನು ಉಪದೇಶಿಸಬೇಕು ಎಂದು ಬೇಡುವರು. ಈ ಗ್ರಂಥ ಒಂದೇ ಕಾಲದಲ್ಲಿ ಒಬ್ಬನೇ ಬರೆದದ್ದಲ್ಲ, ಹಲವು ಶತಮಾನಗಳಲ್ಲಿ ಬೆಳೆದದ್ದು ಎಂದು ವಿದ್ವಾಂಸರು ಹೇಳುವರು. ಅದು ಹೇಗೇ ಇರಲಿ, ಅದರ ನಿದಾನಸ್ಥಾನದ 6ನೆಯ ಅಧ್ಯಾಯ ಪ್ರಮೇಹಕ್ಕೆ ಮೀಸಲು. ಚಿಕಿತ್ಸಾಸ್ಥಾನದಲ್ಲಿ 11, 12, 13 ಈ ಮೂರೂ ಅಧ್ಯಾಯಗಳು ಅದಕ್ಕೇ. ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ರೋಗವನ್ನು ಎರಡಾಗಿ ವಿಂಗಡಿಸಿ, ಮೊದಲನೆಯವನು ಕೃಶನಾಗಿರುತ್ತಾನೆ, ಎರಡನೆಯವನು ಸ್ಥೂಲನಾಗಿರುತ್ತಾನೆ ಎಂದು ಹೇಳಿರುವುದನ್ನು ಇಂದಿನ ವೈದ್ಯರೂ ಓದಿ ತಲೆದೂಗುವರು.

ನಮ್ಮ ವಿಷಯಕ್ಕೆ ಬೇಕಾದದ್ದು 12ನೆಯ ಅಧ್ಯಾಯ. ಅದು ಪ್ರಮೇಹಿಗಳ ಮೈಮೇಲೆ ಏಳುವ ಪಿಡಕೆಗಳನ್ನು, ಎಂದರೆ ಕುರು, ರಾಜಕುರು, ಕೊಳೆಯುವ ಹುಣ್ಣುಗಳನ್ನು ಕುರಿತದ್ದು. ಚರಕನು ಇವನ್ನು ಏಳೆಂದು ಎಣಿಸಿದರೆ ಸುಶ್ರುತನು ಹತ್ತೆಂದು ಎಣಿಸುತ್ತಾನೆ. ಅಲ್ಲಿ ಒಂದು ಮಾತಿದೆ. ರಸವನ್ನು ಒಯ್ಯುವ ನಾಳಗಳು ದುರ್ಬಲವಾಗುವುದರಿಂದ ಮಧುಮೇಹಿಯ ದೋಷಗಳು ಮೇಲಕ್ಕೆ ಏಳಲಾರವು. ಆದಕಾರಣ ಹುಣ್ಣುಗಳು ದೇಹದ ಕೆಳಭಾಗದಲ್ಲಿ ಕಾಣಿಸಿಕೊಳ್ಳುತ್ತವೆ ಎಂಬುದು ಅದರ ತಾತ್ಪರ್ಯ. ಹುಣ್ಣು ಕಾಲಿನ ಕಡೆಗೆ, ಕಾರಣ ನಾಳಗಳ ದೌರ್ಬಲ್ಯ. ಇದನ್ನು ಮೊದಲು ಓದಿದಾಗ ನಮಗೆ ಮೈ ನವಿರೆದ್ದಿತು.

ಆದರೆ ಅಭಿಮಾನಕ್ಕೂ ಒಂದು ಅಳತೆ ಬೇಕು. ಇಂದಿನ ವೈದ್ಯರು ಹೇಳುವುದೆಲ್ಲವನ್ನೂ ಸುಶ್ರುತನು ಆಗಲೇ ಹೇಳಿಬಿಟ್ಟಿದ್ದನೆಂದು ಸಭೆಗಳಲ್ಲಿ ಕೇಳಿಬರುವ ಮಾತನ್ನು ನಾವು ಒಪ್ಪಲಾರೆವು. ರಸಾಯನಿಯೆಂಬ ಶಬ್ದವನ್ನು ಇಂದಿನ ಧಮನಿಯೆಂದೇ ಹಿಡಿಯಲು ಆಧಾರ ಸಾಲದು. ರಕ್ತವು ಹೃದಯದಿಂದ ಹೊರಟು ದೇಹವನ್ನು ಸುತ್ತಿ ಮರಳಿ ಹೃದಯಕ್ಕೇ ಬರುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದನು. ಅದಕ್ಕೆ ಮುಂಚೆ ರಕ್ತನಾಳ ಮುಚ್ಚಿಕೊಳ್ಳುವುದೆಂಬ ಮಾತಿಗೆ ಇಂದಿನ ಅರ್ಥ ಬರಲಾರದು. ಹಳೆಯ ವೈದ್ಯನು ಕಂಡದ್ದು ಹುಣ್ಣು ಎಲ್ಲಿ ಏಳುತ್ತದೆ, ಏಕೆ ಮಾಯುವುದಿಲ್ಲ ಎಂಬುದನ್ನು. ಅಷ್ಟನ್ನು ಅವನು ಕಣ್ಣಿಟ್ಟು ಕಂಡನು. ಅಷ್ಟೇ ಸಾಕಷ್ಟು ದೊಡ್ಡದು.

ಇನ್ನೊಂದು ಸ್ವಾರಸ್ಯವಿದೆ. 11ನೆಯ ಅಧ್ಯಾಯದಲ್ಲಿ ಸುಶ್ರುತನು, ಹಣವೂ ಬಂಧುಗಳೂ ಇಲ್ಲದ ಪ್ರಮೇಹಿಗೆ ಒಂದು ಚಿಕಿತ್ಸೆಯನ್ನು ವಿಧಿಸುತ್ತಾನೆ. ಅವನು ಭಿಕ್ಷೆಯ ಅನ್ನವನ್ನುಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗಿ, ಮುನಿಯಂತೆ ಸಂಯಮದಿಂದ ನೂರು ಯೋಜನ ನಡೆಯಬೇಕು. ಛತ್ರಿ ಇಲ್ಲದೆ, ಪಾದರಕ್ಷೆ ಇಲ್ಲದೆ. ಕೆಲವರಿಗೆ ಬಾವಿ ತೋಡುವ ಕೆಲಸವನ್ನೂ ಹೇಳಿದೆ. ಯೋಜನವೆಂದರೆ ಎಷ್ಟೆಂಬುದರಲ್ಲಿ ಭಿನ್ನಾಭಿಪ್ರಾಯ ಉಂಟು. ಕಡಮೆಯೆಂದು ಐದು ಮೈಲಿ ಹಿಡಿದರೂ ಐನೂರು ಮೈಲಿಯಾಯಿತು. ಕಾಶಿಯಿಂದ ಹೊರಟ ರೋಗಿ ನಾಗಪುರವನ್ನು ಮುಟ್ಟುವಷ್ಟು ದಾರಿ! ಮಿತಾಹಾರ ಮತ್ತು ದುಡಿತ, ಇವೆರಡೂ ಇಂದಿಗೂ ಮದ್ದೇ. ಆದರೆ ಪಾದರಕ್ಷೆಯ ವಿಷಯದಲ್ಲಿ ಇಂದಿನ ವೈದ್ಯಶಾಸ್ತ್ರ ಸುಶ್ರುತನಿಗೆ ನೇರವಾಗಿ ಇದಿರು ನಿಲ್ಲುತ್ತದೆ. ನಮ್ಮ ಮದುವೆಗಳಲ್ಲಿ ಕಾಶೀಯಾತ್ರೆಗೆ ಹೊರಡುವ ವರನಿಗೆ ಛತ್ರಿಯನ್ನೂ ಕೋಲನ್ನೂ ಪಾದರಕ್ಷೆಯನ್ನೂ ಕೊಟ್ಟೇ ಕಳುಹಿಸುತ್ತಾರಷ್ಟೆ. ಮಧುಮೇಹಿಯ ಮಟ್ಟಿಗೆ ಸಂಹಿತೆಗಿಂತ ನಮ್ಮ ಪುರೋಹಿತರ ಪದ್ಧತಿಯೇ ಮೇಲೆನ್ನಬೇಕು.

ಪಶ್ಚಿಮ ದೇಶಗಳಲ್ಲಿ ಈ ಜ್ಞಾನ ಎರಡು ಬೇರೆ ಬೇರೆ ಹೊಳೆಗಳಾಗಿ ಹರಿದು ಬಹಳ ತಡವಾಗಿ ಒಂದುಗೂಡಿತು. ಒಂದು ಸಕ್ಕರೆಯದು. ಲಿವರ್‌ಪೂಲಿನ ಮ್ಯಾಥ್ಯೂ ಡಾಬ್‌ಸನ್ 1776ರಲ್ಲಿ, ಮಧುಮೇಹಿಯ ಮೂತ್ರದಲ್ಲಿರುವುದು ಸಕ್ಕರೆಯೇ, ರಕ್ತದ ತಿಳಿಯೂ ಸಿಹಿಯಾಗಿರುತ್ತದೆ ಎಂದು ತೋರಿಸಿದನು. ಇನ್ನೊಂದು ನಾಳಗಳದು. ಇದರಲ್ಲಿ ಮೊದಲು ಕಾಣುವುದು ಮನುಷ್ಯನಲ್ಲ, ಕುದುರೆ. 1831ರಲ್ಲಿ ಬುಲೇ ಎಂಬ ಫ್ರೆಂಚ್ ಪಶುವೈದ್ಯನು, ಸ್ವಲ್ಪ ದೂರ ಓಡುತ್ತಲೇ ಹಿಂಗಾಲು ಕುಂಟಿ, ನಿಂತರೆ ಸರಿಹೋಗಿ, ಮತ್ತೆ ಓಡಿದರೆ ಮತ್ತೆ ಕುಂಟುವ ಒಂದು ಗಾಡಿಕುದುರೆಯನ್ನು ವರ್ಣಿಸಿದನು; ಅದರ ಕಾಲಿಗೆ ಹೋಗುವ ಧಮನಿ ಮುಚ್ಚಿಹೋಗಿತ್ತು. 1858ರಲ್ಲಿ ಶಾರ್ಕೋ ಎಂಬ ಹೆಸರಾಂತ ವೈದ್ಯನು ಅದೇ ಕುಂಟನ್ನು ಮನುಷ್ಯನಲ್ಲಿ ಕಂಡನು. ನಡೆದರೆ ಮೀನಖಂಡ ಹಿಡಿದುಕೊಳ್ಳುವುದು, ನಿಂತರೆ ಬಿಡುವುದು. ಈ ಲಕ್ಷಣವನ್ನು ಇಂದಿಗೂ ವೈದ್ಯರು ಮೊದಲು ಕೇಳುವರು. ಟಾಂಗಾಗಳ ಕಾಲವನ್ನು ಬಲ್ಲ ಕಂಟೋನ್ಮೆಂಟಿನ ಹಿರಿಯರಿಗೆ ಆ ಕುದುರೆಯ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಕಣ್ಣಿನ ಒಳಗನ್ನು ನೋಡುವ ಕನ್ನಡಿಯನ್ನು ಮಾಡಿದ ಮೇಲೆ, ಜೀವಂತ ಮನುಷ್ಯನ ರಕ್ತನಾಳಗಳನ್ನು ಕಣ್ಣಾರೆ ಕಾಣುವುದು ಸಾಧ್ಯವಾಯಿತು. ಕೆಲವೇ ವರ್ಷಗಳಲ್ಲಿ ವಿಯೆನ್ನಾದ ಯೇಗರ್ ಮಧುಮೇಹಿಯ ಅಕ್ಷಿಪಟದಲ್ಲಿ ಬದಲಾವಣೆಗಳನ್ನು ಕಂಡನು. ಅದು ಮಧುಮೇಹದಿಂದಲೇ ಆದದ್ದೇ ಎಂಬ ಚರ್ಚೆ ಬಹುಕಾಲ ನಡೆಯಿತು.

ಭಾರತದ ಮಾತಿಗೆ ಬಂದರೆ 1907ನೆಯ ವರ್ಷವನ್ನು ಹೇಳಬೇಕು. ಆ ವರ್ಷ ಬ್ರಿಟಿಷ್ ವೈದ್ಯಕೀಯ ಸಂಘದ ಸಭೆಯಲ್ಲಿ ಉಷ್ಣದೇಶಗಳ ಮಧುಮೇಹವನ್ನು ಕುರಿತು ಚರ್ಚೆಯಾಯಿತು. ಕಲ್ಕತ್ತೆಯ ಓದುಬರಹದ ಜನರಲ್ಲಿ ಈ ರೋಗ ಎಷ್ಟು ಹರಡಿದೆಯೆಂಬುದು ಅಲ್ಲಿಯ ಮುಖ್ಯ ವಿಷಯಗಳಲ್ಲೊಂದು. ಅದೇ 1907ರಲ್ಲಿ ಕಲ್ಕತ್ತೆಯಲ್ಲಿ ಕವಿರಾಜ ಕುಂಜಲಾಲ ಭಿಷಗ್ರತ್ನರು ಸುಶ್ರುತಸಂಹಿತೆಯ ಇಂಗ್ಲಿಷ್ ಅನುವಾದದ ಮೊದಲ ಸಂಪುಟವನ್ನು ಹೊರತಂದರು. ಒಂದೇ ಊರಿನ ರೋಗವೂ ಪುಸ್ತಕವೂ ಒಂದನ್ನೊಂದು ಅರಿಯದೆ ಒಂದೇ ವರ್ಷ ಬೆಳಕಿಗೆ ಬಂದವು.

ಆಗಿನ ಮಧುಮೇಹಿಗೆ ರಕ್ತನಾಳ ಕೆಡುವಷ್ಟು ಆಯುಸ್ಸೇ ಅನೇಕ ವೇಳೆ ಇರುತ್ತಿರಲಿಲ್ಲ. ಚಿಕ್ಕವಯಸ್ಸಿನವರು ಕೆಲವೇ ತಿಂಗಳುಗಳಲ್ಲಿ ಬಡವಾಗಿ, ಮೈಮರೆವಿನಲ್ಲಿ ತೀರಿಹೋಗುತ್ತಿದ್ದರು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಸಾಯುವವರು ಬದುಕಿದರು. ಬದುಕಿದವರು ಇಪ್ಪತ್ತು ಮೂವತ್ತು ವರ್ಷ ಬಾಳಿದರು. ಆಗ ಮರೆಯಲ್ಲಿದ್ದ ಶತ್ರು ಹೊರಬಿದ್ದನು. ಬಾಸ್ಟನ್ನಿನ ಡಾ|| ಜಾಸ್ಲಿನ್ 1934ರಲ್ಲಿ ಒಂದು ಲೇಖನ ಬರೆದು, ಮೈಮರೆವಿನ ಸಾವು ಇಳಿಯುತ್ತಿದೆ, ಕಾಲು ಕೊಳೆತು ಸಾಯುವವರು ಏರುತ್ತಿದ್ದಾರೆ ಎಂದು ಎಚ್ಚರಿಸಿದರು. ಇದು ದೈವದ ಶಾಪವಲ್ಲ, ತೊಳೆಯದ, ನೋಡದ, ಕಾಪಾಡದ ಪಾದದ ಫಲ ಎಂಬುದು ಅವರ ವಾದ. 1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬಿಬ್ಬರು ಮಧುಮೇಹಿಗಳ ಮೂತ್ರಪಿಂಡದ ಕಿರುನಾಳಗಳ ಗೊಂಚಲಿನಲ್ಲಿ ಗಂಟುಗಳನ್ನು ಕಂಡರು. ಕಣ್ಣು, ಮೂತ್ರಪಿಂಡ, ಕಾಲು ಎಲ್ಲವೂ ಒಂದೇ ಬಳ್ಳಿಯ ಕಾಯಿಗಳೆಂಬುದು ಹೀಗೆ ಸ್ಪಷ್ಟವಾಗುತ್ತ ಬಂದಿತು.

ರಕ್ತನಾಳದಲ್ಲಿ ಆಗುವುದಾದರೂ ಏನು? ನಾಳದ ಒಳಮೈಗೆ ಒಂದೇ ಪದರದ ಜೀವಕೋಶಗಳ ನಯವಾದ ಹೊದಿಕೆ ಇದೆ. ಬೇಕಾದಾಗ ನಾಳವನ್ನು ಸಡಿಲಿಸುವ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಕೆಲಸ ಅದರದು. ಇದಕ್ಕಾಗಿ ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸೂಸುತ್ತದೆ. ಇದನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಹುಮಾನ ಬಂದಿತು. ವರ್ಷಾನುಗಟ್ಟಲೆ ಸಕ್ಕರೆ ಹೆಚ್ಚಾಗಿರುವ ರಕ್ತ ಹರಿದರೆ ಈ ಹೊದಿಕೆ ಕೆಡುತ್ತದೆ. ಕಿರುನಾಳಗಳ ಗೋಡೆ ದಪ್ಪವಾಗಿ ಸೋರತೊಡಗುತ್ತದೆ. ದೊಡ್ಡ ಧಮನಿಗಳ ಗೋಡೆಯಲ್ಲಿ ಕೊಬ್ಬು ಸೇರಿ ಗಡ್ಡೆಕಟ್ಟಿ ದಾರಿ ಕಿರಿದಾಗುತ್ತದೆ; ರಕ್ತದೊತ್ತಡವೂ ತಂಬಾಕೂ ಜತೆಗೂಡಿದರೆ ಈ ಕೆಲಸ ಇನ್ನೂ ಬೇಗ ಸಾಗುತ್ತದೆ. ಇದಲ್ಲದೆ ಧಮನಿಯ ನಡುಪದರದಲ್ಲಿ ಸುಣ್ಣ ಕಟ್ಟುವುದೊಂದುಂಟು. 1903ರಲ್ಲಿ ಜರ್ಮನಿಯ ಮೆಂಕೆಬರ್ಗ್ ಇದನ್ನು ವರ್ಣಿಸಿದನು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ನಮ್ಮ ಮನೆಯ ಹೆಂಗಸರು ದಿನವೂ ಕಾಣುವರು; ಅದು ಪಾತ್ರೆಯ ಒಳಮೈಯಲ್ಲಿ, ಇದು ನಾಳದ ಗೋಡೆಯ ನಡುವೆ, ಅಷ್ಟೇ ವ್ಯತ್ಯಾಸ. ಇದರಿಂದ ಒಂದು ತೊಡಕು. ಕಾಲಿನ ರಕ್ತದೊತ್ತಡವನ್ನು ತೋಳಿನದರೊಡನೆ ಹೋಲಿಸಿ ನಾಳ ಮುಚ್ಚಿದೆಯೇ ಎಂದು ತಿಳಿಯುವ ಸುಲಭ ಪರೀಕ್ಷೆಯೊಂದಿದೆ. ಸುಣ್ಣ ಕಟ್ಟಿದ ಧಮನಿಯನ್ನು ಅದುಮಲು ಬಾರದೆ ಲೆಕ್ಕ ಸುಳ್ಳಾಗಿ, ಕೆಟ್ಟ ಕಾಲೂ ಒಳ್ಳೆಯ ಕಾಲಿನಂತೆ ತೋರುವುದುಂಟು. ಆಗ ವೈದ್ಯರು ಹೆಬ್ಬೆರಳಿನಲ್ಲಿ ಒತ್ತಡವನ್ನು ಅಳೆಯುವರು.

ನರಗಳ ಸಂಗತಿಯನ್ನು ಸೇರಿಸದೆ ಕಥೆ ಪೂರ್ತಿಯಾಗುವುದಿಲ್ಲ. ನರಗಳಿಗೆ ರಕ್ತ ಕೊಡುವ ಕಿರುನಾಳಗಳು ಕೆಡುವುದರಿಂದಲೂ ಸಕ್ಕರೆಯ ನೇರ ಹಾವಳಿಯಿಂದಲೂ ಪಾದದ ಸ್ಪರ್ಶಜ್ಞಾನ ಕ್ರಮೇಣ ಹೋಗುತ್ತದೆ. ಆಗ ಆ ಕುದುರೆಯ ನೋವೂ ಮಧುಮೇಹಿಗೆ ತಿಳಿಯದಿರಬಹುದು. ನೋವು ಇಲ್ಲವೆಂದರೆ ರೋಗ ಇಲ್ಲವೆಂದು ನಂಬುವವರೇ ಹೆಚ್ಚು. ಅನರ್ಥವೆಲ್ಲ ಹುಟ್ಟುವುದು ಅಲ್ಲಿಂದ.

ಈ ವಿಷಯದಲ್ಲಿ ದಕ್ಷಿಣದೇಶದ ಒಂದು ದೊಡ್ಡ ಕಾಣಿಕೆ ಉಂಟು. 1946ರಲ್ಲಿ ವೆಲ್ಲೂರಿಗೆ ಬಂದ ಡಾ|| ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಕಾಲುಗಳನ್ನು ಪರೀಕ್ಷಿಸಿ, ಬೆರಳುಗಳು ತಾವಾಗಿ ಉದುರುವುದಿಲ್ಲ, ನೋವು ತಿಳಿಯದ ಕಾರಣ ಗಾಯಗೊಂಡು ಗಾಯಗೊಂಡು ಸವೆಯುತ್ತವೆ ಎಂದು ತೋರಿಸಿದರು. ಮೆತ್ತನೆಯ ಸೂಕ್ಷ್ಮರಂಧ್ರದ ರಬ್ಬರಿನ ಚಪ್ಪಲಿ ಹಾಕಿಸಿದರೆ ಹುಣ್ಣು ಏಳುವುದು ಕಡಮೆಯಾಯಿತು. 1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಎಂಬಲ್ಲಿಗೆ ಹೋದ ಮೇಲೆ ಇದೇ ಪಾಠ ಮಧುಮೇಹಿಯ ಪಾದಕ್ಕೂ ಅನ್ವಯವಾಯಿತು. ಇಂದು ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಬರೆದುಕೊಡುವ ಆ ಮೆತ್ತನೆಯ ಚಪ್ಪಲಿಯ ಮೂಲ ವೆಲ್ಲೂರಿನ ಕುಷ್ಠರೋಗಿಗಳ ಕಾಲಿನಲ್ಲಿದೆ. ಅದನ್ನು ಹಾಕಿಕೊಳ್ಳಲು ನಾಚುವ ನಮ್ಮ ಕೆಲವು ಹಿರಿಯರು ಇದನ್ನು ತಿಳಿದರೆ ಇನ್ನಷ್ಟು ನಾಚುವರೋ, ಗೌರವ ತಾಳುವರೋ, ಹೇಳಲಾರೆವು.

ಶಸ್ತ್ರವೈದ್ಯರ ಚರಿತ್ರೆಯಲ್ಲಿ ಒಂದು ಕಹಿ ಅಧ್ಯಾಯ ಇದೆ. 1948ರಲ್ಲಿ ಪ್ಯಾರಿಸಿನ ಕ್ಯೂನ್ಲಿನ್, ರೋಗಿಯದೇ ಒಂದು ಸಿರೆಯನ್ನು ತೆಗೆದು ಮುಚ್ಚಿದ ಧಮನಿಯ ಮೇಲೂ ಕೆಳಗೂ ಜೋಡಿಸಿ, ಕಾಲಿಗೆ ರಕ್ತದ ಹೊಸ ಕಾಲುವೆಯನ್ನು ಮಾಡಿದನು. ಮಧುಮೇಹಿಗಳಿಗೂ ಇದರಿಂದ ಒಳ್ಳೆಯದಾಗಬೇಕಿತ್ತು. ಆದರೆ 1959ರಲ್ಲಿ ಕೆಲವರು ಕತ್ತರಿಸಿದ ಕಾಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮಧುಮೇಹಿಯಲ್ಲಿ ಮುಚ್ಚಿಹೋಗುವುದು ಅತಿ ಸಣ್ಣ ನಾಳಗಳೇ ಎಂಬ ಮತವನ್ನು ಮುಂದಿಟ್ಟರು. ಸಣ್ಣ ನಾಳಗಳೇ ಮುಚ್ಚಿದ್ದರೆ ದೊಡ್ಡ ಕಾಲುವೆ ತೋಡಿ ಪ್ರಯೋಜನವೇನು? ಈ ತರ್ಕದಿಂದ ಅನೇಕ ಕಡೆ ವೈದ್ಯರು ಕೈಚೆಲ್ಲಿ ಕೂತರು. ಮಧುಮೇಹಿಯ ಬೆರಳು ಕಪ್ಪಾಯಿತೆಂದರೆ ಕಾಲು ತೆಗೆಯುವುದೇ ದಾರಿ ಎಂದಾಯಿತು. ಐದೇ ವರ್ಷಗಳಲ್ಲಿ ಅದನ್ನು ಖಂಡಿಸುವ ಶೋಧನೆಗಳು ಬಂದರೂ ನಂಬಿಕೆ ಹೋಗಲಿಲ್ಲ. 1984ರಲ್ಲಿ ಬಾಸ್ಟನ್ನಿನ ಲೊಜೆರ್ಫೊ ಮತ್ತು ಕಾಫ್‌ಮನ್ ಎಲ್ಲವನ್ನೂ ಒಟ್ಟುಗೂಡಿಸಿ ಬರೆದ ಮೇಲೆ ಆ ಮತ ಕುಸಿಯಿತು. ಮಧುಮೇಹಿಯಲ್ಲಿ ಹೆಚ್ಚಾಗಿ ಮುಚ್ಚುವುದು ಮೊಣಕಾಲಿನ ಕೆಳಗಿನ ಧಮನಿಗಳು. ಪಾದದ ಧಮನಿಗಳು ಅನೇಕ ವೇಳೆ ತೆರೆದೇ ಇರುತ್ತವೆ. ಅಲ್ಲಿಯವರೆಗೆ ಕಾಲುವೆಯನ್ನು ಒಯ್ದರೆ ಕಾಲು ಉಳಿಯುತ್ತದೆ. ಒಂದು ತಪ್ಪು ಮತ ಇಪ್ಪತ್ತೈದು ವರ್ಷ ನಿಂತಿತು. ಅದರಿಂದ ಹೋದ ಕಾಲುಗಳ ಲೆಕ್ಕ ಇಟ್ಟವರಾರು?

ನಡುವೆ 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಒಂದು ಘಟನೆ ನಡೆಯಿತು. 82 ವರ್ಷದ ಮುದುಕಿ. ಕಾಲಿನ ಬೆರಳುಗಳು ಕೊಳೆಯುತ್ತಿದ್ದುವು. ಕಾಲು ತೆಗೆಸಿಕೊಳ್ಳುವುದಿಲ್ಲವೆಂದು ಆಕೆ ಹಟ ಹಿಡಿದಳು. ಚಾರ್ಲ್ಸ್ ಡಾಟರ್ ಎಂಬ ಎಕ್ಸ್‌ರೇ ವೈದ್ಯನು ಕತ್ತಿ ಹಿಡಿಯದೆ, ನಾಳದೊಳಕ್ಕೆ ತಂತಿಯನ್ನೂ ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನೆಯ ಕೊಳವೆಗಳನ್ನೂ ತೂರಿಸಿ ಇಕ್ಕಟ್ಟನ್ನು ಅಗಲ ಮಾಡಿದನು. ಕಾಲು ಬೆಚ್ಚಗಾಯಿತು. ಆಕೆ ತನ್ನ ಕಾಲ ಮೇಲೆಯೇ ನಡೆದಾಡಿ ಕೆಲವು ವರ್ಷಗಳ ಮೇಲೆ ಬೇರೆ ಕಾರಣದಿಂದ ತೀರಿಕೊಂಡಳು. ಇಂದು ಹೃದಯಕ್ಕೂ ಕಾಲಿಗೂ ಮಾಡುವ ಬಲೂನು ಚಿಕಿತ್ಸೆಯ ಹುಟ್ಟು ಅಲ್ಲಿ. ಒಬ್ಬ ಮುದುಕಿಯ ಹಟ ವೈದ್ಯಶಾಸ್ತ್ರಕ್ಕೆ ಹೊಸ ಬಾಗಿಲನ್ನು ತೆರೆಯಿತು.

ಇನ್ನು ಕಾಶಿಗೆ ಮರಳೋಣ. ವಿಶ್ವವಿದ್ಯಾನಿಲಯದ ಸರ್ ಸುಂದರಲಾಲ್ ಆಸ್ಪತ್ರೆ ಆರಂಭವಾದದ್ದು 1926ರಲ್ಲಿ. ಮೊದಲ ಉಪಕುಲಪತಿಗಳ ಹೆಸರು ಅದಕ್ಕೆ. ಮಾಳವೀಯರಿಗೆ ಆಯುರ್ವೇದವೂ ಆಧುನಿಕ ವೈದ್ಯವೂ ಒಂದೇ ಸೂರಿನಲ್ಲಿರಬೇಕೆಂಬ ಬಯಕೆ. ಆ ಬಯಕೆಗೆ ರೂಪ ಕೊಟ್ಟವರಲ್ಲಿ ಪ್ರಮುಖರು ಕನ್ನಡ ಕರಾವಳಿಯಿಂದ ಬಂದ ಡಾ|| ಕೆ. ಎನ್. ಉಡುಪರು. 1920ರಲ್ಲಿ ಹುಟ್ಟಿದ ಅವರು ಇಲ್ಲಿಯೇ ಆಯುರ್ವೇದ ಓದಿ, ಬಳಿಕ ಅಮೆರಿಕಕ್ಕೆ ಹೋಗಿ ಶಸ್ತ್ರವೈದ್ಯವನ್ನು ಕಲಿತು ಬಂದವರು. 1958ರಲ್ಲಿ ಭಾರತ ಸರ್ಕಾರ ಆಯುರ್ವೇದದ ಸ್ಥಿತಿಗತಿಯನ್ನು ಪರಿಶೀಲಿಸಲು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಅದು ಇಂದಿಗೂ ಉಡುಪ ಸಮಿತಿಯೆಂದೇ ಪ್ರಸಿದ್ಧ. 1960ರಲ್ಲಿ ಇಲ್ಲಿ ವೈದ್ಯಕೀಯ ಕಾಲೇಜು ತೆರೆದಾಗ ಅದರ ಹೊಣೆ ಹೊತ್ತರು. 1971ರಲ್ಲಿ ಅದು ವೈದ್ಯವಿಜ್ಞಾನ ಸಂಸ್ಥೆಯಾದಾಗ ಮೊದಲ ನಿರ್ದೇಶಕರೂ ಅವರೇ. ನಮ್ಮ ಹಿತ್ತಲಿನ ಮಂಗರವಳ್ಳಿ ಮುರಿದ ಮೂಳೆಯನ್ನು ಕೂಡಿಸುವುದಕ್ಕೆ ನೆರವಾಗುವುದೇ ಎಂದು ಪ್ರಾಣಿಗಳಲ್ಲಿ ಪರೀಕ್ಷಿಸಿ 1960ರ ದಶಕದಲ್ಲಿ ಪ್ರಕಟಿಸಿದರು. ಮುಂದೆ ಯೋಗದಿಂದ ಮನಸ್ಸಿನ ಒತ್ತಡವೂ ಅದರಿಂದ ಹೆಚ್ಚುವ ಕಾಯಿಲೆಗಳೂ ಎಷ್ಟರಮಟ್ಟಿಗೆ ಇಳಿಯುತ್ತವೆಂದು ಅಳೆದು ನೋಡಿದರು.

ಅವರ ಮಾರ್ಗದಲ್ಲಿ ನಮಗೆ ಮೆಚ್ಚಿಗೆಯಾದದ್ದು ಇದು: ಹಳೆಯದೆಂದು ತಳ್ಳಲಿಲ್ಲ, ನಮ್ಮದೆಂದು ನಂಬಿಬಿಡಲೂ ಇಲ್ಲ, ಪರೀಕ್ಷೆಗೆ ಒಡ್ಡಿದರು. ಸಕ್ಕರೆ ಕಾಯಿಲೆಯನ್ನು ಬೇರಿನಿಂದ ಕಿತ್ತುಹಾಕುತ್ತೇವೆಂದು ಪುಡಿ ಮಾರುವವರು ಎಲ್ಲ ಊರುಗಳಲ್ಲಿಯೂ ಇರುವರು, ಕಾಶಿಯಲ್ಲಿ ಒಂದು ಕೈ ಹೆಚ್ಚು. ಆ ಪುಡಿಯನ್ನು ನಂಬಿ ಇನ್ಸುಲಿನ್ ನಿಲ್ಲಿಸಿದವರನ್ನು ನಾವು ಬಲ್ಲೆವು. ಉಡುಪರ ಊರಿನವರಾದ ನಾವು ಹಾಗೆ ಮಾಡಬಾರದು.

ಸಂಖ್ಯೆಗಳನ್ನು ಒಂದಿಷ್ಟು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ 10 ಲಕ್ಷ. ವಯಸ್ಕರಲ್ಲಿ ನೂರಕ್ಕೆ 11.4. ಗೋವೆಯಲ್ಲಿ ನೂರಕ್ಕೆ 26.4 ಆದರೆ ನಾವು ಬಂದು ನೆಲಸಿರುವ ಉತ್ತರ ಪ್ರದೇಶದಲ್ಲಿ 4.8, ದೇಶದಲ್ಲಿಯೇ ಅತಿ ಕಡಮೆ. ಇದನ್ನು ಕೇಳಿ ಬೆಳಗಿನ ಕಚೌಡಿ ಜಿಲೇಬಿಗೆ ಅಪ್ಪಣೆ ದೊರೆಯಿತೆಂದು ತಿಳಿಯಬಾರದು. ಮಧುಮೇಹದ ಹೊಸ್ತಿಲಲ್ಲಿ ನಿಂತಿರುವವರು ಇದೇ ಪ್ರಾಂತದಲ್ಲಿ ನೂರಕ್ಕೆ 18. ಅಲ್ಲದೆ ನಾವು ಊರು ಬಿಟ್ಟು ಬರುವಾಗ ಮೈಯನ್ನು ಊರಿನಲ್ಲಿ ಬಿಟ್ಟು ಬರಲಿಲ್ಲವಷ್ಟೆ.

ಚಿಕಿತ್ಸೆಯಿಂದ ನಾಳಗಳು ಉಳಿಯುತ್ತವೆಯೇ ಎಂಬ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ 1977ರಿಂದ 5,102 ಹೊಸ ರೋಗಿಗಳನ್ನು ಸೇರಿಸಿಕೊಂಡು ನಡೆಸಿದ ದೀರ್ಘ ಪರೀಕ್ಷೆ 1998ರಲ್ಲಿ ಉತ್ತರ ಕೊಟ್ಟಿತು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಕಿರುನಾಳಗಳ ತೊಂದರೆ ಕಾಲು ಪಾಲು ಕಡಮೆ. ರಕ್ತದೊತ್ತಡವನ್ನು ಬಿಗಿಯಾಗಿ ಹಿಡಿದವರಲ್ಲಿ ಪಾರ್ಶ್ವವಾಯು ನೂರಕ್ಕೆ 44ರಷ್ಟು ಕಡಮೆ! ಸಕ್ಕರೆಯನ್ನು ಪ್ರತಿವಾರ ನೋಡಿಸಿ ರಕ್ತದೊತ್ತಡವನ್ನು ವರ್ಷಕ್ಕೊಮ್ಮೆಯೂ ನೋಡಿಸದವರು ಈ ಲೆಕ್ಕವನ್ನು ಎರಡು ಸಲ ಓದಬೇಕು. ಬನಾರಸಿನ ಪಾನಿನ ವಿಷಯದಲ್ಲಿ ನಾವು ಹೆಚ್ಚು ಹೇಳಿದರೆ ನೆರೆಯವರು ಮುನಿದಾರು. ವೀಳ್ಯದೆಲೆಯ ಮೇಲೆ ನಮಗೆ ದ್ವೇಷವಿಲ್ಲ, ಅದರೊಳಗಿನ ಜರ್ದಾದ ಮೇಲೆ ಉಂಟು. ಬೀಡಿ ಸಿಗರೇಟಿನ ಮೇಲಂತೂ ಇದ್ದೇ ಇದೆ. ಕಾಲಿನ ಧಮನಿಗೆ ಅದರಷ್ಟು ವೈರಿ ಬೇರೊಂದಿಲ್ಲ.

ಮೊದಲು ಹೇಳಿದ ನಮ್ಮ ಸ್ವಾರ್ಥದ ಮಾತಿಗೆ ಬರುತ್ತೇವೆ. ಹಿಂದೆ ಸಿಕ್ರೌಲ್ ಎಂಬ ಹೆಸರಿದ್ದ, ವರುಣಾ ನದಿಯ ಮಗ್ಗುಲಿನ ಈ ಕಂಟೋನ್ಮೆಂಟು ಕಾಶಿಯ ಹೆಬ್ಬಾಗಿಲು. ವಾರಾಣಸಿ ಜಂಕ್ಷನ್ ಎಂದು ಬೋರ್ಡಿದ್ದರೂ ಜನರ ಬಾಯಲ್ಲಿ ಅದು ಕ್ಯಾಂಟ್ ಸ್ಟೇಷನ್ನೇ. ರೈಲ್ವೆ, ಸೈನ್ಯ, ಬ್ಯಾಂಕು ಎಂದು ಬಂದು ಇಲ್ಲಿ ಸಂಸಾರ ಹೂಡಿದ ಕನ್ನಡದ ಮನೆಗಳು ವರ್ಷವೆಲ್ಲ ಊರಿನ ನೆಂಟರಿಗೆ ತಂಗುದಾಣ. ಕರ್ನಾಟಕ ಸರ್ಕಾರದ ಕಾಶಿ ದರ್ಶನದ ಪ್ರವಾಸಿ ರೈಲು 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಮೊದಲ ಸಲ ಹೊರಟ ಮೇಲೆ ಬರುವ ಹಿರಿಯರು ಹೆಚ್ಚಾದರು. ಅರವತ್ತು ಎಪ್ಪತ್ತು ವಯಸ್ಸು. ಕೈಚೀಲದಲ್ಲಿ ಸಕ್ಕರೆ ಮಾತ್ರೆ. ಮನಸ್ಸಿನಲ್ಲಿ ಬರಿಗಾಲಿನ ಹರಕೆ.

ಒಂದು ಮೇ ತಿಂಗಳಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರು ನಮ್ಮ ನೆರೆಮನೆಗೆ ಬಂದಿದ್ದರು. ಮಧ್ಯಾಹ್ನದ ಹೊತ್ತು ಘಾಟಿನ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದು ದರ್ಶನ ಮುಗಿಸಿ ಸಂತೋಷದಿಂದ ಮರಳಿದರು. ಸಂಜೆ ಮನೆಯ ಸೊಸೆ, ನೆಲದ ಮೇಲೆ ಒದ್ದೆಯ ಗುರುತು ಏನೆಂದು ನೋಡಿದಾಗ ಮಾವನವರ ಎರಡು ಪಾದಗಳ ಅಡಿಯಲ್ಲಿಯೂ ಬೊಬ್ಬೆಯೆದ್ದು ಒಡೆದಿತ್ತು. ಅವರಿಗೆ ಏನೂ ತಿಳಿದಿರಲಿಲ್ಲ. ಕಾದ ಕಲ್ಲಿನ ಮೇಲೆ ಬೇರೆ ಯಾತ್ರಿಕರು ಕುಣಿಯುತ್ತ ಓಡುತ್ತಿದ್ದರೆ ತಾವು ನಿಧಾನವಾಗಿ ನಡೆದದ್ದನ್ನು ವಿಶ್ವನಾಥನ ಕೃಪೆಯೆಂದೇ ಭಾವಿಸಿದ್ದರು. ಎಡಗಾಲು ಮಾಯಿತು. ಬಲಗಾಲಿನ ನಾಡಿ ಸಿಗದೆ, ಆರು ವಾರಗಳ ತರುವಾಯ ಊರಿನಲ್ಲಿ ಎರಡು ಬೆರಳುಗಳನ್ನು ತೆಗೆಸಬೇಕಾಯಿತು. ಬೆರಳು ಹೋದದ್ದಕ್ಕಿಂತ, ಕಾಶಿಗೆ ಹೋಗಿ ಹೀಗಾಯಿತಲ್ಲ ಎಂದು ಊರಿನವರು ಆಡಿದ ಮಾತು ಅವರನ್ನು ಹೆಚ್ಚು ನೋಯಿಸಿತೆಂದು ಕೇಳಿದೆವು.

ಕಾಲು ಕಳೆದುಕೊಳ್ಳುವ ದಾರಿ ಬಹುತೇಕ ಇದೇ. 1990ರಲ್ಲಿ ಸಿಯಾಟಲ್ ನಗರದಿಂದ ಪ್ರಕಟವಾದ ಪರಿಶೀಲನೆಯಲ್ಲಿ, ಕಾಲು ಅಥವಾ ಬೆರಳು ತೆಗೆದ ಮಧುಮೇಹಿಗಳ ಪೈಕಿ ನೂರಕ್ಕೆ ಸುಮಾರು 84 ಸಂದರ್ಭಗಳಲ್ಲಿ ಮೊದಲು ಇದ್ದದ್ದು ಒಂದು ಸಣ್ಣ ಹುಣ್ಣು. ನಮ್ಮ ದೇಶದ ಮಧುಮೇಹಿಗಳಲ್ಲಿ ಕಾಲಿನ ಧಮನಿ ಮುಚ್ಚುವುದು ಪಶ್ಚಿಮದವರಿಗಿಂತ ಕಡಮೆಯೆಂದು ಚೆನ್ನೈಯ ಸಮೀಕ್ಷೆಯೊಂದರಿಂದ ಕಂಡುಬಂದಿದೆ. ಅಲ್ಲಿ ಅದು ನೂರಕ್ಕೆ 6.3 ಮಾತ್ರ. ಇಲ್ಲಿ ಕಾಲನ್ನು ತಿನ್ನುವುದು ಹೆಚ್ಚಾಗಿ ಜೋಮುಹಿಡಿದ ಪಾದ, ಬರಿಗಾಲು ಮತ್ತು ತಡವಾಗಿ ಕಂಡ ಕೀವು. ಬರಿಗಾಲನ್ನು ನಾವು ಇಂದೇ ನಿಲ್ಲಿಸಬಹುದು.

ದೇವಸ್ಥಾನದಲ್ಲಿ ಪಾದರಕ್ಷೆ ಹೇಗೆ ಎಂದು ಕೇಳುವಿರಿ. 2022ರ ಜನವರಿಯಲ್ಲಿ ಕಾಶಿ ವಿಶ್ವನಾಥ ಧಾಮದಲ್ಲಿ ಚಳಿಯಲ್ಲಿ ಬರಿಗಾಲಿನಲ್ಲಿ ಕೆಲಸಮಾಡುತ್ತಿದ್ದ ಅರ್ಚಕರಿಗೂ ಕಾವಲಿನವರಿಗೂ ಸ್ವಚ್ಛತೆಯ ಕೆಲಸದವರಿಗೂ ಪ್ರಧಾನಮಂತ್ರಿಗಳು 100 ಜೊತೆ ಸೆಣಬಿನ ಪಾದರಕ್ಷೆಗಳನ್ನು ಕಳುಹಿಸಿದರು. ಅಲ್ಲಿ ಚರ್ಮ ಮತ್ತು ರಬ್ಬರಿನ ಪಾದರಕ್ಷೆಗೆ ನಿಷೇಧವಿದೆ, ಸೆಣಬಿಗೆ ಅಡ್ಡಿ ಇರಲಿಲ್ಲ. ಹಾಗಿರುವಾಗ ಮಧುಮೇಹದ ಹಿರಿಯರು ಬಟ್ಟೆಯ ಅಥವಾ ಸೆಣಬಿನ ಪಾದುಕೆಗೆ ಅಪ್ಪಣೆ ಕೇಳುವುದರಲ್ಲಿ ಅಪಚಾರವೇನೂ ನಮಗೆ ತೋರದು. ಆಗದಿದ್ದರೆ ದಪ್ಪ ಹತ್ತಿಯ ಕಾಲುಚೀಲ, ಬೆಳಗಿನ ತಂಪು ಹೊತ್ತು, ಮನೆಗೆ ಬಂದೊಡನೆ ಪಾದದ ಅಡಿಯನ್ನು ಬೆಳಕಿನಲ್ಲಿ ನೋಡುವುದು. ಬಗ್ಗಲಾರದವರಿಗೆ ಒಂದು ಮುಖಕನ್ನಡಿಯನ್ನು ನೆಲದ ಮೇಲಿಟ್ಟರಾಯಿತು. ಬಿಸಿನೀರನ್ನು ಪಾದದಿಂದ ಪರೀಕ್ಷಿಸಬಾರದು, ಮೊಣಕೈಯಿಂದ ಪರೀಕ್ಷಿಸಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತುವ ನಮ್ಮ ಹಳೆಯ ಚಾಳಿ ಬಿಡಬೇಕು. ಗಾಯವಿದ್ದರೆ ಅರಿಸಿನ ಹಚ್ಚಿ ಕಾಯುತ್ತ ಕೂರದೆ ಅಂದೇ ವೈದ್ಯರಿಗೆ ತೋರಿಸಬೇಕು.

ಕಂಟೋನ್ಮೆಂಟಿನಿಂದ ವಿಶ್ವವಿದ್ಯಾನಿಲಯದ ಆಸ್ಪತ್ರೆಗೆ ಹೋಗುವುದೆಂದರೆ ಊರಿನ ಇನ್ನೊಂದು ತುದಿಯಲ್ಲಿರುವ ಲಂಕಾ ಎಂಬ ಬಡಾವಣೆಯವರೆಗೆ ಹೋಗಬೇಕು. ಸಮುದ್ರ ಹಾರುವುದು ಇದಕ್ಕಿಂತ ಸುಲಭವಾಗಿತ್ತೆಂದು ನಮ್ಮವರು ತಮಾಷೆ ಮಾಡುವುದುಂಟು. ಆದರೂ ವರ್ಷಕ್ಕೊಂದು ಸಲ ಹೋಗಿ ಅಕ್ಷಿಪಟವನ್ನೂ ಮೂತ್ರದ ಆಲ್ಬುಮಿನ್ನನ್ನೂ ಪಾದದ ನಾಡಿಯನ್ನೂ ನೋಡಿಸಿಕೊಂಡು ಬರಬೇಕು. ಪಾದದ ಮೇಲ್ಭಾಗದಲ್ಲಿ ಒಂದು, ಒಳಗಣ ಹರಡಿನ ಹಿಂದೆ ಒಂದು, ಎರಡು ಕಡೆ ವೈದ್ಯರು ಬೆರಳಿಟ್ಟು ನಾಡಿ ಹುಡುಕುವರು; ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸಿ ಸ್ಪರ್ಶ ತಿಳಿಯುವುದೇ ಎಂದು ನೋಡುವರು. ಅವರು ಮರೆತರೆ ನಾವೇ ಕಾಲುಚೀಲ ಬಿಚ್ಚಿ ಕೂರುವುದು ಒಳ್ಳೆಯ ಉಪಾಯ.

ಕಡೆಯದಾಗಿ ಭಾಷೆಯ ತೊಡಕೊಂದುಂಟು. ಊರಿನಿಂದ ಬಂದ ತಾಯಿತಂದೆಯರು ಕನ್ನಡದಲ್ಲಿ ಹೇಳಿದ್ದನ್ನು ಮಕ್ಕಳು ಹಿಂದಿಯಲ್ಲಿ ವೈದ್ಯರಿಗೆ ಹೇಳುವಾಗ ಎಲ್ಲವೂ "ದರ್ದ್" ಆಗಿಬಿಡುತ್ತದೆ. ಜೋಮಿಗೂ ಉರಿಗೂ ಹಿಡಿತಕ್ಕೂ ನೋವೆಂಬ ಒಂದೇ ಹೆಸರು ಬಿದ್ದರೆ ನರದ ಕಾಯಿಲೆ ಯಾವುದು, ನಾಳದ್ದು ಯಾವುದು ಎಂದು ವೈದ್ಯರು ತಿಳಿಯುವುದು ಹೇಗೆ? ಆದ್ದರಿಂದ ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲೆಂದು ಕೆಲವು ಮಾತುಗಳನ್ನು ಕೊಡುತ್ತೇವೆ. ಜುಮುಜುಮು ಎನ್ನುವುದಕ್ಕೆ ಝುನ್‌ಝುನಿ, ಮರಗಟ್ಟಿದ್ದಕ್ಕೆ ಸುನ್ನ್, ಉರಿಗೆ ಜಲನ್, ಬೊಬ್ಬೆಗೆ ಛಾಲಾ, ಗಾಯಕ್ಕೆ ಘಾವ್, ಹಿಮ್ಮಡಿಗೆ ಏಡೀ. ಮೀನಖಂಡಕ್ಕೆ ಪಿಂಡಲೀ. ನಡೆದರೆ ಪಿಂಡಲೀ ಹಿಡಿಯುತ್ತದೆ, ನಿಂತರೆ ಬಿಡುತ್ತದೆ ಎಂದು ಹಿರಿಯರು ಹೇಳಿದರೆ ಅದನ್ನು ಒಂದಕ್ಷರ ಬಿಡದೆ ಹಾಗೆಯೇ ಹೇಳಿರಿ.